ಮಿಡಿದರೂ ನುಡಿಯದ ಪೇಟಿ

ಗುಜರಿಗೆ ಹೋಗಲಿದ್ದ ಹಳೆಯ ಮಿಡಿ ಕೀಬೋರ್ಡೊಂದನ್ನು (ಕಂಪ್ಯೂಟರಿಗೋ ಮೊಬೈಲಿಗೋ ಜೋಡಿಸಿ ನುಡಿಸುವ ಸಂಗೀತದ ಕೀಬೋರ್ಡು) ತಂದು ಸರಿಪಡಿಸಿಕೊಂಡ ಬಗ್ಗೆ ಕಳೆದ ಸಂಚಿಕೆಯ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳು ಮೇಜಿನ ಮೇಲೆ ಇಷ್ಟೊಂದು ಕೂಡಿಬೀಳುತ್ತವೆ ಎಂದು ಅಂದುಕೊಂಡಿರಲಿಲ್ಲ. ಈ ಬಾರಿಯ ಪುಟವನ್ನು ಪೂರ್ತಿಯಾಗಿ ಅವಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷಗಳಿಂದ ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದೇನೆ. ಬೆಂಗಳೂರಿನಲ್ಲಿರುವ ಅಳಿಯಂದಿರು ತಾವು ಕಾಲೇಜಿನಲ್ಲಿದ್ದಾಗ ಬಳಸುತ್ತಿದ್ದ 49 ಕೀಗಳ ಕೀಬೋರ್ಡೊಂದನ್ನು ತಂದುಕೊಟ್ಟಿದ್ದಾರೆ. ದೀಪ ಹತ್ತುತ್ತದೆ, ಆದರೆ ಸ್ಪೀಕರ್ ಜೋಡಿಸಲು ತೂತೇ ಇಲ್ಲ, ಸ್ವರವೂ ಬರುವುದಿಲ್ಲ. ಕೆಟ್ಟಿರಬಹುದೇ? ಅವರನ್ನೇ ಕೇಳೋಣವೆಂದರೆ ಸಂಕೋಚ. (ಗಂಗಾವತಿ)

ಉತ್ತರ: ಕೆಟ್ಟಿಲ್ಲ, ಅಳಿಯಂದಿರ ಮೇಲೆ ಅನುಮಾನ ಬೇಡ. ತಮ್ಮ ಕೈಗೆ ಬಂದಿರುವುದು ಮಿಡಿ ಕಂಟ್ರೋಲರ್. ಅದರ ಹೊಟ್ಟೆಯಲ್ಲಿ ಸ್ವರ ಹುಟ್ಟಿಸುವ ಭಾಗವೇ ಇರುವುದಿಲ್ಲ. ತಾವು ಒಂದು ಕೀ ಒತ್ತಿದಾಗ ಅದು ‘60ನೆಯ ಸ್ವರವನ್ನು ಒತ್ತಿದರು, 90ರಷ್ಟು ಜೋರಿನಿಂದ ಒತ್ತಿದರು’ ಎಂಬಂಥ ಒಂದು ಪುಟ್ಟ ಸುದ್ದಿಯನ್ನು ಮಾತ್ರ ಹೊರಗೆ ಕಳಿಸುತ್ತದೆ. ಆ ಸುದ್ದಿಯನ್ನು ಓದಿಕೊಂಡು ಹಾರ್ಮೋನಿಯಂ ದನಿಯನ್ನೋ ಪಿಯಾನೊ ದನಿಯನ್ನೋ ಹೊರಡಿಸುವ ಕೆಲಸ ಕಂಪ್ಯೂಟರ್, ಮೊಬೈಲ್ ಅಥವಾ ಸೌಂಡ್ ಮಾಡ್ಯೂಲಿನದು. ನಮ್ಮ ಪೇಟಿಯಲ್ಲಿ ಕೀ, ತಿದಿ, ನಾಲಗೆ ಮೂರೂ ಒಂದೇ ಮರದ ಡಬ್ಬಿಯೊಳಗಿವೆ. ಇಲ್ಲಿ ಕೀಗಳಷ್ಟೇ ನಿಮ್ಮ ತೊಡೆಯ ಮೇಲೆ, ತಿದಿ ಮತ್ತು ನಾಲಗೆ ಇನ್ನೊಂದು ಡಬ್ಬಿಯಲ್ಲಿ, ನಡುವೆ ಒಂದು ತಂತಿ. ಮಿಡಿ ಎಂಬುದು ಒಂದು ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ಪದವಾದರೂ, ತಂತಿ ಮಿಡಿಯುವುದೆಂಬ ಮಾತು ಮೊದಲೇ ಇದ್ದ ಭಾಷೆಯವರಾದ ನಮಗೆ ಅದು ಪರಕೀಯವಾಗಿ ಕೇಳಿಸುವುದಿಲ್ಲ.

ಅಳಿಯಂದಿರ ಕೀಬೋರ್ಡಿನ ಹಿಂಬದಿಯಲ್ಲಿ ಚೌಕಾಕಾರದ ಯುಎಸ್‌ಬಿ ಸಾಕೆಟ್ ಇರಬೇಕು, ನೋಡಿ. ಪ್ರಿಂಟರಿಗೆ ಬಳಸುವ ತಂತಿಯೇ ಅದಕ್ಕೂ ಸಾಕು. ಅದಕ್ಕೆ, ಫೋನಿನ ಪುಟ್ಟ ಸಾಕೆಟ್ಟಿಗೆ ಯುಎಸ್‌ಬಿ ತಂತಿ ಸಿಕ್ಕಿಸಲು ನೆರವಾಗುವ ಓಟಿಜಿ ಅಡಾಪ್ಟರ್ ಒಂದನ್ನು ಸೇರಿಸಿದರೆ ಮೊಬೈಲಿಗೂ ಜೋಡಿಸಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ 2015ರ 6.0 ಆವೃತ್ತಿಯಿಂದ ಮಿಡಿ ಸೌಲಭ್ಯವಿದೆ. ಫೋನು ಕೊಡುವ ವಿದ್ಯುತ್ತು ಕೀಬೋರ್ಡಿಗೆ ಸಾಲದೆ ದೀಪ ಮಿಣುಕಿ ಆರಿಹೋದರೆ, ಪ್ರತ್ಯೇಕ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಂದನ್ನು ನಡುವೆ ಇಟ್ಟುಕೊಳ್ಳಿ. ಮಂಡಳಿಯ ಗಾಯಕರು ಬಿಳಿ ಒಂದರಿಂದ ಕರಿ ಎರಡಕ್ಕೆ ಶ್ರುತಿ ಬದಲಿಸಿದರೂ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ, ತಾವು ಕೈ ಪಳಗಿದ ಕೀಗಳಲ್ಲಿಯೇ ನುಡಿಸಬಹುದು.

ಪ್ರಶ್ನೆ: ಇಪ್ಪತ್ತು ವರ್ಷ ಹಳೆಯದಾದ 61 ಕೀಗಳ ಕಂಟ್ರೋಲರ್ ಒಂದು ಪರಿಚಯದವರ ಬಳಿ ಹೊಸದರ ಕಾಲುಭಾಗದ ಬೆಲೆಗೆ ಸಿಗುತ್ತಿದೆ. ಅಂಗಡಿಯವರನ್ನು ಕೇಳಿದರೆ ‘ಅದು ಔಟ್‌ಡೇಟೆಡ್, ಕೈ ಹಾಕಬೇಡಿ’ ಎನ್ನುತ್ತಾರೆ. ಸ್ಟುಡಿಯೋದಲ್ಲಿ ಕೆಲಸ ಮಾಡುವ ಗೆಳೆಯರು ಮಾತ್ರ ‘ಹಳೆಯದೇ ತಗೋ’ ಎನ್ನುತ್ತಿದ್ದಾರೆ. ಇಪ್ಪತ್ತು ವರ್ಷದ ಹಿಂದಿನ ಕಂಪ್ಯೂಟರನ್ನು ಯಾರೂ ಮುಟ್ಟುವುದಿಲ್ಲ, ಆದರೆ ಇದಕ್ಕೇಕೆ ಈ ಮರ್ಯಾದೆ? (ಬಳ್ಳಾರಿ)

ಉತ್ತರ: ಮೊದಲು ಆ ಹೋಲಿಕೆಯನ್ನೇ ನೋಡೋಣ. ಕಂಪ್ಯೂಟರ್ ಹಳತಾಗುವುದು ಅದು ಮಾಡಬೇಕಾದ ಕೆಲಸ ವರ್ಷದಿಂದ ವರ್ಷಕ್ಕೆ ಭಾರವಾಗುವುದರಿಂದ. ಕಂಟ್ರೋಲರ್ ಮಾಡಬೇಕಾದ ಕೆಲಸ 1983ರಿಂದ ಇಂದಿನವರೆಗೆ ಒಂದು ಗುಲಗಂಜಿಯಷ್ಟೂ ಹೆಚ್ಚಾಗಿಲ್ಲ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ನ್ಯಾಮ್ ವಾದ್ಯಮೇಳದಲ್ಲಿ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಕಂಪನಿಯ ಪ್ರಾಫೆಟ್-600 ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಜೂಪಿಟರ್-6 ಎಂಬ, ವಿದ್ಯುತ್ತಿನಿಂದ ದನಿ ಹುಟ್ಟಿಸುವ ಎರಡು ಸಿಂಥಸೈಜರುಗಳನ್ನು ಒಂದು ತಂತಿಯಿಂದ ಜೋಡಿಸಿ, ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯುವುದನ್ನು ಜನರಿಗೆ ತೋರಿಸಲಾಯಿತು. ಪರಸ್ಪರ ಪೈಪೋಟಿಗೆ ಬಿದ್ದಿದ್ದ ಕಂಪನಿಗಳು ಮಿಡಿ ಎಂಬ ಒಂದೇ ಭಾಷೆಗೆ ಒಪ್ಪಿಕೊಂಡದ್ದೇ ದೊಡ್ಡದು. ಆ ಒಪ್ಪಂದದ ಹಿಂದಿದ್ದ ಸೀಕ್ವೆನ್ಷಿಯಲ್‌ನ ಡೇವ್ ಸ್ಮಿತ್ ಮತ್ತು ರೋಲ್ಯಾಂಡಿನ ಇಕುಟಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಸಾಧನೆಯ ಗ್ರ್ಯಾಮಿ ದೊರೆತದ್ದು ತಡವಾಯಿತೆಂದೇ ನನ್ನ ಭಾವನೆ.

ಆ ಭಾಷೆ ಎಷ್ಟು ಸರಳವೆಂದರೆ, ಒಂದು ಸ್ವರದ ಸುದ್ದಿ ಮೂರೇ ಬೈಟ್‌ಗಳಲ್ಲಿ ಮುಗಿಯುತ್ತದೆ: ಯಾವ ಚಾನೆಲ್ಲಿನಲ್ಲಿ (ಬೇರೆ ಬೇರೆ ದನಿಗಳ ಸುದ್ದಿ ಬೆರೆಯದಂತೆ ಒಂದೇ ತಂತಿಯಲ್ಲಿ ಮಾಡಿದ ಪ್ರತ್ಯೇಕ ಸಾಲು) ಏನಾಯಿತು ಎಂಬುದಕ್ಕೆ ಒಂದು, ಯಾವ ಸ್ವರ ಎಂಬುದಕ್ಕೆ ಒಂದು, ಎಷ್ಟು ಜೋರು ಎಂಬುದಕ್ಕೆ ಒಂದು. ಐದು ಪಿನ್ನಿನ ಹಳೆಯ ದುಂಡು ಸಾಕೆಟ್ಟಿನಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಹರಿಯುತ್ತವೆ. ಇಂದಿನ ಲೆಕ್ಕದಲ್ಲಿ ಇದು ಎತ್ತಿನಗಾಡಿಯ ವೇಗವಾದರೂ, ಒಂದು ಸ್ವರದ ಸುದ್ದಿ ಆಚೆ ತಲುಪಲು ಒಂದು ಮಿಲಿಸೆಕೆಂಡೂ ಹಿಡಿಯುವುದಿಲ್ಲ. ಹತ್ತು ಬೆರಳಿನ ವಾದಕನಿಗೆ ಇದಕ್ಕಿಂತ ಹೆಚ್ಚು ವೇಗ ಕೊಟ್ಟು ಆಗಬೇಕಾದದ್ದೇನು? ಹೀಗಾಗಿ 1980ರ ದಶಕದ ಯಮಾಹಾ ಕೆಎಕ್ಸ್88 ಎಂಬ, ಎತ್ತಿಡಲು ಇಬ್ಬರು ಬೇಕಾದ ಆ ದೈತ್ಯ ಕೀಬೋರ್ಡಿನ ಸುದ್ದಿಯನ್ನು ನಿನ್ನೆ ಬಂದ ಸಾಫ್ಟ್‌ವೇರ್ ಕೂಡ ತಡವರಿಸದೆ ಓದಿಕೊಳ್ಳುತ್ತದೆ. ದನಿ ಬೇರೆಡೆ ಹುಟ್ಟುವುದರಿಂದ, ದನಿ ಹಳತಾಯಿತೆಂದು ಕೀಬೋರ್ಡನ್ನು ಎಸೆಯಬೇಕಾದ ಪ್ರಸಂಗವೇ ಬರುವುದಿಲ್ಲ. ಹೊಸ ದನಿ ಬೇಕಾದಾಗ ಕಂಪ್ಯೂಟರಿನಲ್ಲಿ ತುಂಬಿಕೊಂಡರಾಯಿತು, ಬೆರಳಿನ ಕೆಳಗಿನ ಕೀಗಳು ಅವೇ ಇರುತ್ತವೆ.

ಗೆಳೆಯರು ಹಳೆಯದೇ ಎನ್ನುವುದಕ್ಕೆ ಎರಡನೆಯ ಕಾರಣ ಆ ಕೀಗಳೇ. ಕಂಟ್ರೋಲರಿನ ಬೆಲೆಯಲ್ಲಿ ಹೆಚ್ಚಿನ ಪಾಲು ಹಾಸಿನ ಭಾಗಕ್ಕೆ, ಅಂದರೆ ಕೀಗಳನ್ನು ಸಾಲಾಗಿ ಕೂಡಿಸಿದ ಚೌಕಟ್ಟಿಗೆ ಹೋಗುತ್ತಿದ್ದ ಕಾಲವೊಂದಿತ್ತು. ಇಟಲಿಯ ಫಾತಾರ್ ಎಂಬ ಕಂಪನಿ ಅಂಥ ಹಾಸುಗಳನ್ನು ತಯಾರಿಸಿ ಬೇರೆ ಬೇರೆ ಹೆಸರಿನ ಕಂಪನಿಗಳಿಗೆ ಈಗಲೂ ಒದಗಿಸುತ್ತದೆ. ಅಗ್ಗದ ಹೊಸ ಕಂಟ್ರೋಲರುಗಳಲ್ಲಿ ಹಣ ಬಣ್ಣದ ದೀಪಗಳಿಗೆ, ಬೆರಳಿನಿಂದ ಬಾರಿಸುವ ಪ್ಯಾಡುಗಳಿಗೆ, ಜೊತೆಗೆ ಕೊಡುವ ಸಾಫ್ಟ್‌ವೇರಿಗೆ ಹಂಚಿಹೋಗಿ, ಕೀಗಳ ಪಾಲಿಗೆ ತೆಳ್ಳನೆಯ ಪ್ಲಾಸ್ಟಿಕ್ಕಷ್ಟೇ ಉಳಿಯುತ್ತದೆ. ಹಳೆಯ ಒಳ್ಳೆಯ ಕೀಬೋರ್ಡಿನಲ್ಲಿ ಒತ್ತಿದ ಕೀಯನ್ನು ತಳದಲ್ಲಿ ಇನ್ನಷ್ಟು ಅದುಮಿದರೆ ದನಿ ತುಂಬಿಕೊಳ್ಳುವಂಥ ಆಫ್ಟರ್‌ಟಚ್ ಇರುತ್ತಿತ್ತು. ಈಗ ಕಡಿಮೆ ಬೆಲೆಯವುಗಳಲ್ಲಿ ಅದನ್ನು ಮೊದಲಿಗೇ ಕೈಬಿಡುತ್ತಾರೆ. ಹಳೆಯದರ ಇನ್ನೊಂದು ಅನುಕೂಲವನ್ನು ನಾನು ಬಹಳ ಮೆಚ್ಚುತ್ತೇನೆ: ಯಾವ ಸ್ಲೈಡರ್ ಏನು ಮಾಡಬೇಕೆಂಬುದನ್ನು ಕೀಬೋರ್ಡಿನ ಮೇಲೇ ಸಂಖ್ಯೆ ಒತ್ತಿ ತಿಳಿಸಬಹುದು. 7 ಎಂದರೆ ವಾಲ್ಯೂಮ್, 64 ಎಂದರೆ ಸ್ವರವನ್ನು ಹಿಡಿದಿಡುವ ಸಸ್ಟೇನ್ ಪೆಡಲ್. ಆ ಕೆಲಸಕ್ಕೆ ಖಾತೆ ತೆರೆಯಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ, ಇಂಟರ್‌ನೆಟ್ಟೂ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ನನಗಾದ ಪಜೀತಿಯನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಇಂಥದೇ 61 ಕೀಗಳ ಕೀಬೋರ್ಡನ್ನು ಹಿಗ್ಗಿನಿಂದ ಮನೆಗೆ ತಂದೆ. ಅದರ ಯುಎಸ್‌ಬಿ ಕೆಲಸ ಮಾಡಬೇಕಾದರೆ ಕಂಪನಿಯದೇ ಡ್ರೈವರ್, ಅಂದರೆ ಕೀಬೋರ್ಡಿನ ಪರಿಚಯವನ್ನು ಕಂಪ್ಯೂಟರಿಗೆ ಮಾಡಿಕೊಡುವ ಸಾಫ್ಟ್‌ವೇರ್ ಬೇಕಿತ್ತು. ಆ ಡ್ರೈವರನ್ನು 32 ಬಿಟ್ ವಿಂಡೋಸ್ ಕಾಲಕ್ಕೆ ಬರೆದು ಅಲ್ಲಿಗೇ ಕೈಬಿಟ್ಟಿದ್ದರು. 64 ಬಿಟ್ ವಿಂಡೋಸ್ ಅಂಥ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಮೂರು ತಿಂಗಳು ಅದು ಅಲ್ಮೆರಾದ ಮೇಲೆ ಹಾಸಿಗೆಗಳ ನಡುವೆ ಮಲಗಿತ್ತು, ಮನೆಯವರು ಅದರ ಮೇಲೆ ಹಪ್ಪಳದ ಡಬ್ಬಿ ಇಟ್ಟಿದ್ದರು. ಒಂದು ದಿನ ಡಬ್ಬಿ ಇಳಿಸುವಾಗ ಹಿಂಬದಿಯ ಐದು ಪಿನ್ನಿನ ಸಾಕೆಟ್ ಕಣ್ಣಿಗೆ ಬಿತ್ತು. ಅದಕ್ಕೆ ಒಂದು ಮಿಡಿ-ಯುಎಸ್‌ಬಿ ಪರಿವರ್ತಕ ತಂದು ಜೋಡಿಸಿದೆ, ಅಷ್ಟೇ. ಈಗ ಈ ಅಂಕಣ ಬರೆಯುವ ಮೇಜಿನ ಎಡಕ್ಕೆ ಅದೇ ಇದೆ. ಇಪ್ಪತ್ತು ವರ್ಷದ ಯುಎಸ್‌ಬಿ ಕೈಕೊಟ್ಟ ಕಡೆ ನಲವತ್ತು ವರ್ಷದ ದುಂಡು ಸಾಕೆಟ್ ಕೆಲಸ ಮಾಡಿತು.

ಆದ್ದರಿಂದ ನಿಮ್ಮ ಪರಿಚಯದವರ ಕೀಬೋರ್ಡಿನಲ್ಲಿ ಐದು ಪಿನ್ನಿನ ಮಿಡಿ ಔಟ್ ಇದೆಯೇ, ಇಲ್ಲದಿದ್ದರೆ ಯುಎಸ್‌ಬಿಯಾದರೂ ‘ಕ್ಲಾಸ್ ಕಂಪ್ಲೈಯೆಂಟ್’ ಜಾತಿಯದೇ ಎಂದು ವಿಚಾರಿಸಿ. ಯುಎಸ್‌ಬಿ ಮೂಲಕ ಮಿಡಿ ಕಳಿಸುವ ಸಾಮಾನ್ಯ ನಿಯಮ 1999ರಲ್ಲಿ ಬಂತು. ಅದನ್ನು ಪಾಲಿಸಿದ ಕೀಬೋರ್ಡಿಗೆ ಪ್ರತ್ಯೇಕ ಡ್ರೈವರ್ ಬೇಡ. ಎರಡೂ ಇಲ್ಲವೆಂದಾದರೆ ಪುಕ್ಕಟೆ ಕೊಟ್ಟರೂ ಬೇಡ. ಹಳೆಯದೆಲ್ಲ ಒಳ್ಳೆಯದು ಎಂಬ ಭ್ರಮೆಯೂ ಬೇಡ. 2000ದ ದಶಕದ ಆರಂಭದಲ್ಲಿ ಎಂ-ಆಡಿಯೋ ಆಕ್ಸಿಜನ್ 8ರಂಥ 25 ಕೀಗಳ ಪುಟ್ಟ ಕಂಟ್ರೋಲರುಗಳು ಜನಪ್ರಿಯವಾದ ಬೆನ್ನಿಗೇ, ಅವನ್ನು ನೋಡಿಕೊಂಡು ಮಾಡಿದ ಎಷ್ಟೋ ಸವಕಲು ಮಾಲುಗಳೂ ಬಂದವು. ಅವು ಅಂದೂ ಸವಕಲೇ, ಇಂದೂ ಸವಕಲೇ. ತಾಳವಾದ್ಯವನ್ನು ಬೆರಳಿನಿಂದ ಬಾರಿಸಲು ಪ್ಯಾಡುಗಳೇ ಮುಖ್ಯವೆನ್ನುವವರು, ಲ್ಯಾಪ್‌ಟಾಪ್ ಚೀಲದಲ್ಲೇ ಕೀಬೋರ್ಡೂ ಹಿಡಿಯಬೇಕೆನ್ನುವವರು ಹೊಸದನ್ನು ಕೊಳ್ಳುವುದೇ ಸರಿ.

ಪ್ರಶ್ನೆ: ನಮ್ಮ ಮನೆ ಹತ್ತಿ ಜಿನ್ನಿಂಗ್ ಮಿಲ್ಲಿನ ಹತ್ತಿರವಿದೆ. ಹತ್ತು ವರ್ಷ ಹಳೆಯ ಕಂಟ್ರೋಲರಿನಲ್ಲಿ ಎರಡು ಕೀಗಳು ನುಡಿಯುತ್ತಿಲ್ಲ, ಒಂದು ಕೀ ಮೆಲ್ಲಗೆ ಮುಟ್ಟಿದರೂ ಕಿರುಚುತ್ತದೆ. ರಿಪೇರಿಗೆ ಹೈದರಾಬಾದಿಗೆ ಒಯ್ಯಬೇಕು ಎನ್ನುತ್ತಾರೆ. (ರಾಯಚೂರು)

ಉತ್ತರ: ಹೈದರಾಬಾದಿನ ಬಸ್ಸು ಹತ್ತುವ ಮೊದಲು ಒಂದು ಭಾನುವಾರ ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಪ್ರತಿ ಕೀಯ ಕೆಳಗೆ ರಬ್ಬರಿನ ಎರಡು ಪುಟ್ಟ ಗುಳ್ಳೆಗಳಿರುತ್ತವೆ, ಅವುಗಳ ಒಳತುದಿಯಲ್ಲಿ ಕಪ್ಪು ಕಾರ್ಬನ್ ಬಿಲ್ಲೆಗಳಿರುತ್ತವೆ. ಕೀ ಇಳಿಯುವಾಗ ಒಂದು ಬಿಲ್ಲೆ ಮೊದಲು, ಇನ್ನೊಂದು ತುಸು ತಡವಾಗಿ ಕೆಳಗಿನ ಸರ್ಕಿಟ್ ಹಲಗೆಗೆ ತಾಗುತ್ತದೆ. ಆ ಎರಡು ತಾಗುವಿಕೆಗಳ ನಡುವಿನ ಹೊತ್ತನ್ನು ಅಳೆದು ನೀವು ಮೆಲ್ಲಗೆ ಒತ್ತಿದಿರೋ ಜೋರಾಗಿ ಒತ್ತಿದಿರೋ ಎಂದು ಯಂತ್ರ ತೀರ್ಮಾನಿಸುತ್ತದೆ. ನಡುವೆ ಹತ್ತಿಯ ಒಂದು ಎಳೆ ಸಿಕ್ಕಿಕೊಂಡರೂ ಲೆಕ್ಕ ತಪ್ಪುತ್ತದೆ. ಕೆಲವು ಕೀಬೋರ್ಡುಗಳು ಆಗ ಸುಮ್ಮನಾಗುತ್ತವೆ, ಕೆಲವು 127 ಎಂಬ ಗರಿಷ್ಠ ಜೋರನ್ನು ಕಳಿಸಿಬಿಡುತ್ತವೆ. ನಿಮ್ಮ ಕಿರುಚುವ ಕೀಯದು ಬಹುತೇಕ ಇದೇ ಕಥೆ.

ನಾನು ತಂದ ಗುಜರಿ ಕೀಬೋರ್ಡಿಗೂ ಇದೇ ರೋಗವಿತ್ತು, ಅಲ್ಲಿ ಹತ್ತಿಯ ಬದಲು ಬಳ್ಳಾರಿಯ ಧೂಳು. ಯುಎಸ್‌ಬಿ ತಂತಿ ಕಿತ್ತು, ಹಳೆಯ ಪಂಚೆಯೊಂದನ್ನು ಮೇಜಿನ ಮೇಲೆ ಹಾಸಿ, ಕೀಬೋರ್ಡನ್ನು ಬೋರಲು ಹಾಕಿ ತಳದ ತಿರುಪುಗಳನ್ನು ಬಿಚ್ಚಿದೆ. ಉದ್ದದವು, ಗಿಡ್ಡವು ಬೆರೆತುಹೋದರೆ ಮುಚ್ಚುವಾಗ ಉದ್ದನೆಯದು ಮೇಲ್ಭಾಗವನ್ನು ಸೀಳಿಕೊಂಡು ಬರುವ ಅಪಾಯವಿದೆ ಎಂದು, ಕಾಗದದ ಮೇಲೆ ಕೀಬೋರ್ಡಿನ ಚಿತ್ರ ಬರೆದು ಆಯಾ ಜಾಗದಲ್ಲೇ ತಿರುಪನ್ನು ಚುಚ್ಚಿಟ್ಟೆ. ಮುಚ್ಚಳ ತೆಗೆದಾಗ ಕೀಗಳ ತಳದಲ್ಲಿ ಕುಂಕುಮ ಚೆಲ್ಲಿದಂತೆ ಕೆಂಪು ಹುಡಿ, ಒಂದು ಸತ್ತ ಜಿರಲೆ, ಮುರಿದ ಅಗರಬತ್ತಿಯ ಕಡ್ಡಿ. ಕೀಗಳನ್ನು ಒಂದೊಂದಾಗಿ ಬಿಡಿಸಿ, ರಬ್ಬರಿನ ಪಟ್ಟಿಯನ್ನು ಹಲಗೆಯಿಂದ ಮೆಲ್ಲಗೆ ಎಬ್ಬಿಸಿ, ಹಲಗೆಯ ಮೇಲಿನ ಕಪ್ಪು ಗುರುತುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಡ್ಸ್‌ನಿಂದ ಒರೆಸಿದೆ. ಬಿಳಿ ಬಡ್ಸ್ ಮೊದಲ ಸಲವೇ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಬಿಲ್ಲೆಗಳನ್ನು ಉಜ್ಜಬಾರದು, ಉಗುರು ತಾಗಿಸಬಾರದು, ಕಾರ್ಬನ್ ಎದ್ದುಹೋದರೆ ಮುಗಿಯಿತು. ಒದ್ದೆ ಬಡ್ಸ್ ಅನ್ನು ಮೇಲಿಟ್ಟು ಎತ್ತಿದರೆ ಸಾಕು. ಆರಿದ ಮೇಲೆ ಪಟ್ಟಿಯ ರಬ್ಬರ್ ಮೊಳೆಗಳನ್ನು ಹಲಗೆಯ ತೂತುಗಳಲ್ಲಿ ಮತ್ತೆ ಕೂಡಿಸಲು ಹಲ್ಲುಕಡ್ಡಿ ಬಹಳ ಅನುಕೂಲ. ಒಂದು ಮೊಳೆ ಸರಿಯಾಗಿ ಕೂಡದಿದ್ದರೂ ಅಲ್ಲಿನ ಕೀ ಮತ್ತೆ ಮೊಂಡಾಟ ಮಾಡುತ್ತದೆ.

ಇಷ್ಟಕ್ಕೆ ನನಗೆ ಹಿಡಿದದ್ದು ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದವರೆಗೆ. ಬೇಗ ಒಣಗಲೆಂದು ರಾಯಚೂರಿನ ಏಪ್ರಿಲ್ ಬಿಸಿಲಿಗೆ ಮಾತ್ರ ಇಡಬೇಡಿ, ಪ್ಲಾಸ್ಟಿಕ್ ಕೀ ಸೊಟ್ಟಗಾದರೆ ಯಾರೂ ನೆಟ್ಟಗೆ ಮಾಡಿಕೊಡಲಾರರು. ಮೈಮೇಲೆ ರಬ್ಬರಿನಂಥ ಮೆತ್ತನೆಯ ಲೇಪವಿರುವ ಕೀಬೋರ್ಡುಗಳು ನಮ್ಮ ಸೆಖೆಗೆ ವರ್ಷಗಳು ಕಳೆದಂತೆ ಅಂಟಂಟಾಗುತ್ತವೆ. ಆ ಲೇಪವನ್ನು ಅದೇ ಆಲ್ಕೋಹಾಲಿನಿಂದ ಪೂರ್ತಿ ಒರೆಸಿ ತೆಗೆಯುವುದೇ ಮೇಲು, ಅಂದ ತುಸು ಹೋದರೂ ಕೈಗೆ ಅಂಟುವುದು ನಿಲ್ಲುತ್ತದೆ.

ಪ್ರಶ್ನೆ: ಹಳೆಯ ಕೀಬೋರ್ಡಿನ ಅಡಾಪ್ಟರ್ ಕಳೆದಿದೆ. 9 ವೋಲ್ಟಿನ ಯಾವುದಾದರೂ ನಡೆಯುತ್ತದೆಯೇ? (ಸಿಂಧನೂರು)

ಉತ್ತರ: ನಡೆಯುವುದಿಲ್ಲ. ಸಾಕೆಟ್ಟಿನ ಪಕ್ಕದಲ್ಲಿ ಚುಕ್ಕಿ, ಅರ್ಧವೃತ್ತ ಮತ್ತು ಕೂಡುವ-ಕಳೆಯುವ ಗುರುತುಗಳಿರುವ ಪುಟ್ಟ ಚಿತ್ರವನ್ನು ನೋಡಿ, ನಡುವಿನ ಪಿನ್ನು ಧನವೋ ಋಣವೋ ತಿಳಿದುಕೊಂಡು, ಅದಕ್ಕೆ ಹೊಂದುವುದನ್ನೇ ತನ್ನಿ. ಕಂಪನಿಯಿಂದ ಕಂಪನಿಗೆ ಇದು ತಿರುವುಮುರುವಾಗಿರುತ್ತದೆ. ಯುಎಸ್‌ಬಿಯಿಂದಲೇ ವಿದ್ಯುತ್ತು ಪಡೆಯುವ ಮಾದರಿಯಾದರೆ ಅಡಾಪ್ಟರಿನ ಗೊಡವೆಯೇ ಬೇಡ.

ಪ್ರಶ್ನೆ: ನಾನು ವಚನಗಾಯನಕ್ಕೆ ಸಾಥ್ ಕೊಡುತ್ತೇನೆ. ಪೇಟಿಯಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲವೆಂಬ ಕೊರಗು ಮೊದಲಿನಿಂದಲೂ ಇದೆ. ಮಿಡಿ ಕೀಬೋರ್ಡಿನಲ್ಲಿ ಸಾಧ್ಯವೇ? ಸಾಧ್ಯವಾದರೆ ಹಳೆಯದರಲ್ಲೂ ಆದೀತೇ? (ಲಿಂಗಸುಗೂರು)

ಉತ್ತರ: ಸಾಧ್ಯ, ಮತ್ತು ಈ ಕೆಲಸಕ್ಕೆ ಹಳೆಯದನ್ನೇ ನಾನು ಶಿಫಾರಸು ಮಾಡುತ್ತೇನೆ. ಕೀಗಳ ಎಡಕ್ಕಿರುವ ಪಿಚ್ ಬೆಂಡ್ ಚಕ್ರವನ್ನು ಹಿಂದೆ ಮುಂದೆ ಸರಿಸಿದರೆ ಸ್ವರ ಜಾರುತ್ತದೆ. ಜೋರನ್ನು ಅಳೆಯಲು ಮಿಡಿಯಲ್ಲಿ 128 ಮೆಟ್ಟಿಲುಗಳಷ್ಟೇ ಇದ್ದರೆ, ಈ ಜಾರಿಕೆಗೆ 16,384 ಮೆಟ್ಟಿಲುಗಳಿವೆ. ಆದ್ದರಿಂದ ಕೀಬೋರ್ಡೂ ದನಿ ಕೊಡುವ ಸಾಫ್ಟ್‌ವೇರೂ ಸರಿಯಿದ್ದರೆ ಮೆಟ್ಟಿಲು ಹತ್ತಿದಂತೆ ಕೇಳಿಸದು. ಸಾಮಾನ್ಯವಾಗಿ ಚಕ್ರವನ್ನು ಪೂರ್ತಿ ತಿರುಗಿಸಿದರೆ ಎರಡು ಅರ್ಧಸ್ವರಗಳಷ್ಟು, ಅಂದರೆ ಷಡ್ಜದಿಂದ ಹಿಂದೂಸ್ತಾನಿ ಪದ್ಧತಿಯ ಶುದ್ಧ ರಿಷಭದವರೆಗೆ ಸ್ವರ ಏರುವಂತೆ ಇಟ್ಟಿರುತ್ತಾರೆ. ಸಾಫ್ಟ್‌ವೇರಿನಲ್ಲಿ ಅದನ್ನು ಹೆಚ್ಚಿಸಿಕೊಳ್ಳಬಹುದು, ಆದರೆ ಹೆಚ್ಚಿಸಿದಷ್ಟೂ ಬೆರಳಿನ ಹಿಡಿತ ಕಷ್ಟವಾಗುತ್ತದೆ.

ಈಗಿನ ಪುಟ್ಟ ಕಂಟ್ರೋಲರುಗಳಲ್ಲಿ ಜಾಗ ಉಳಿಸಲು ಚಕ್ರದ ಬದಲು ಬೆರಳಗಲದ ಸ್ಪರ್ಶಪಟ್ಟಿಯನ್ನೋ ಎರಡು ಗುಂಡಿಗಳನ್ನೋ ಕೊಡುತ್ತಾರೆ. ಗುಂಡಿ ಒತ್ತಿ ಮೀಂಡ್ ತೆಗೆಯುವುದೆಂದರೆ ಲಿಫ್ಟಿನಲ್ಲಿ ನಿಂತು ಜೋಕಾಲಿ ಆಡಿದಂತೆ. ಹಳೆಯ ಕೀಬೋರ್ಡುಗಳ ದೊಡ್ಡ ಚಕ್ರದಲ್ಲಿ ಸ್ಪ್ರಿಂಗಿನ ಎದುರೊತ್ತು ಬೆರಳಿಗೆ ತಿಳಿಯುತ್ತದೆ, ಎಲ್ಲಿ ನಿಲ್ಲಬೇಕೆಂಬುದನ್ನು ಕೆಲವು ವಾರಗಳಲ್ಲಿ ಕೈ ಕಲಿಯುತ್ತದೆ. ಒಂದು ಮಿತಿಯನ್ನು ಮಾತ್ರ ಮೊದಲೇ ತಿಳಿದಿರಿ: ಒಂದು ಚಾನೆಲ್ಲಿನಲ್ಲಿ ನುಡಿಯುವ ಎಲ್ಲ ಸ್ವರಗಳನ್ನೂ ಚಕ್ರ ಒಟ್ಟಿಗೇ ಬಾಗಿಸುತ್ತದೆ. ಬಲಗೈಯಲ್ಲಿ ಗಾಂಧಾರವನ್ನು ಜಾರಿಸುವಾಗ ಅದೇ ಚಾನೆಲ್ಲಿನಲ್ಲಿ ಒತ್ತಿಹಿಡಿದ ಷಡ್ಜವೂ ಜಾರಿ ಶ್ರುತಿಯೇ ಕೆಟ್ಟಂತಾಗುತ್ತದೆ. ಶ್ರುತಿಗೆ ಬೇರೆ ಚಾನೆಲ್ ಇಡಿ, ಇಲ್ಲವೇ ತಂಬೂರಿಯನ್ನು ಮೊಬೈಲಿಗೆ ಬಿಟ್ಟುಬಿಡಿ. ಸಿದ್ದರಾಮ ಜಂಬಲದಿನ್ನಿಯವರ ವಚನಗಾಯನ ಕೇಳಿ ಬೆಳೆದ ಜಿಲ್ಲೆಯ ಕಿವಿಗಳು ಇಂಥ ತಪ್ಪನ್ನು ಕ್ಷಮಿಸುವುದಿಲ್ಲ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಪ್ರಶ್ನೆ: ಜಾತ್ರೆಯ ನಾಟಕಗಳಿಗೆ ಕೀಬೋರ್ಡ್ ನುಡಿಸುತ್ತೇನೆ. ಸೌಂಡ್ ಮಾಡ್ಯೂಲನ್ನು ಲ್ಯಾಪ್‌ಟಾಪಿಗೆ ಯುಎಸ್‌ಬಿಯಲ್ಲಿ ಜೋಡಿಸಿದರೆ, ಜನರೇಟರ್ ಶುರುವಾದ ಕೂಡಲೇ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು. ಹಿರಿಯ ವಾದಕರೊಬ್ಬರು ದುಂಡು ಪಿನ್ನಿನ ತಂತಿ ಹಾಕು ಎಂದರು. ಇದು ನಂಬಿಕೆಯೋ, ನಿಜವೋ? (ಕೊಪ್ಪಳ)

ಉತ್ತರ: ನಿಜ. ಐದು ಪಿನ್ನಿನ ಮಿಡಿಯಲ್ಲಿ ಸುದ್ದಿ ಪಡೆಯುವ ಯಂತ್ರದ ಬಾಗಿಲಲ್ಲಿ ಆಪ್ಟೊ-ಐಸೊಲೇಟರ್ ಎಂಬ ಪುಟ್ಟ ಬಿಡಿಭಾಗವಿರುತ್ತದೆ. ಬಂದ ವಿದ್ಯುತ್ತು ಅಲ್ಲಿ ಬೆಳಕಾಗಿ, ಆ ಬೆಳಕು ಆಚೆ ಬದಿಯಲ್ಲಿ ಮತ್ತೆ ವಿದ್ಯುತ್ತಾಗುತ್ತದೆ, ತಂತಿಗೆ ತಂತಿ ತಾಗುವುದೇ ಇಲ್ಲ. ಹೀಗಾಗಿ ಲ್ಯಾಪ್‌ಟಾಪಿನ ಅರ್ತಿಂಗ್ ಮತ್ತು ಮಿಕ್ಸರಿನ ಅರ್ತಿಂಗ್ ಈ ದಾರಿಯಲ್ಲಿ ಒಂದನ್ನೊಂದು ಮುಟ್ಟಿ ಗುಂಯ್‌ಗುಡುವುದಿಲ್ಲ. ಯುಎಸ್‌ಬಿ ತಂತಿಯಲ್ಲಿ ಈ ತಡೆ ಇರುವುದಿಲ್ಲ. ದುಂಡು ಪಿನ್ನಿನ ತಂತಿಯನ್ನು 15 ಮೀಟರಿನವರೆಗೆ ಎಳೆಯಬಹುದೆಂಬುದು ಇನ್ನೊಂದು ಲಾಭ. ಸಾಮಾನ್ಯ ಯುಎಸ್‌ಬಿ ತಂತಿಗೆ 5 ಮೀಟರೇ ಮಿತಿ. ಕೀಬೋರ್ಡಿನವರನ್ನು ರಂಗದ ಪಕ್ಕದ ಕತ್ತಲೆಯಲ್ಲಿ, ಲ್ಯಾಪ್‌ಟಾಪನ್ನು ಮೈಕ್‌ಸೆಟ್‌ನವರ ಬಳಿ ಇಡುವ ನಮ್ಮ ನಾಟಕಗಳಿಗೆ ಇದು ಸಣ್ಣ ಮಾತಲ್ಲ. ತೀರಾ ಅಗ್ಗದ ಮಿಡಿ-ಯುಎಸ್‌ಬಿ ಪರಿವರ್ತಕ ತಂತಿಗಳಲ್ಲಿ ಆ ಐಸೊಲೇಟರನ್ನೇ ಕೈಬಿಟ್ಟಿರುವುದುಂಟು, ಅವನ್ನು ಕೊಳ್ಳಬೇಡಿ.

ಪ್ರಶ್ನೆ: ಮಿಡಿ 2.0 ಬಂದಿದೆಯಂತೆ. ಹಳೆಯದನ್ನು ಈಗ ಕೊಂಡರೆ ನಾಳೆ ಮೂಲೆಗೆ ಸೇರುತ್ತದೆಯೇ? ಕೊಳ್ಳುವಾಗ ಏನೇನು ಪರೀಕ್ಷಿಸಬೇಕು? (ಕಂಪ್ಲಿ)

ಉತ್ತರ: ಮಿಡಿ 2.0 ಪ್ರಕಟವಾದದ್ದು 2020ರಲ್ಲಿ. ಹಳೆಯ ಕೀಬೋರ್ಡುಗಳೊಂದಿಗೆ ಹೊಂದಿಕೊಂಡೇ ಹೋಗಬೇಕೆಂಬ ಷರತ್ತಿನ ಮೇಲೆಯೇ ಅದನ್ನು ರೂಪಿಸಿದ್ದಾರೆ, ಚಿಂತೆ ಬೇಡ. ನೋಡಲು ಹೋಗುವಾಗ ಫೋನು, ಓಟಿಜಿ ಅಡಾಪ್ಟರ್, ಪ್ರಿಂಟರ್ ತಂತಿ ಮತ್ತು ಮಿಡಿ ಸುದ್ದಿಯನ್ನು ಅಕ್ಷರದಲ್ಲಿ ತೋರಿಸುವ ಯಾವುದಾದರೊಂದು ಉಚಿತ ಮಾನಿಟರ್ ಆ್ಯಪ್ ಜೊತೆಗಿರಲಿ. ನಡುವಿನ ಬಿಳಿ ಒಂದನ್ನು (ಸಿ ಸ್ವರವನ್ನು) ಒತ್ತಿದರೆ 60 ಎಂದು ಕಾಣಬೇಕು. ಎಡತುದಿಯಿಂದ ಬಲತುದಿಯವರೆಗೆ ಪ್ರತಿ ಕೀಯನ್ನೂ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿ, ಜೋರಿನ ಸಂಖ್ಯೆ ಅದರಂತೆ ಏರಿಳಿಯುತ್ತದೆಯೇ ನೋಡಿ. ಒಂದೇ ಒತ್ತಿಗೆ ಎರಡು ಸಾಲು ಬಿದ್ದರೆ ಆ ಕೀ ಕೊಳೆಯಾಗಿದೆ. ಚಕ್ರವನ್ನು ತಿರುಗಿಸಿ ಕೈಬಿಟ್ಟಾಗ ಸಂಖ್ಯೆ ಪ್ರತಿ ಸಲವೂ 8192ಕ್ಕೆ ಮರಳಬೇಕು, ಕೆಲವು ಆ್ಯಪ್‌ಗಳು ಅದನ್ನೇ ಸೊನ್ನೆ ಎಂದು ತೋರಿಸುತ್ತವೆ. ಕೊನೆಗೆ ಕೀಬೋರ್ಡನ್ನು ಮುಟ್ಟದೆ ಒಂದು ನಿಮಿಷ ಸುಮ್ಮನೆ ಕೂತಿರಿ. ಯಾರೂ ಕೈ ಹಾಕದಿದ್ದರೂ ಪರದೆಯ ಮೇಲೆ ಒಂದೇ ನಾಬಿನ ಹೆಸರಿನಲ್ಲಿ 63, 64, 63, 64 ಎಂದು ಸಾಲುಗಳು ಉದುರುತ್ತಿದ್ದರೆ ಆ ನಾಬ್ ಸವೆದಿದೆ. ಅದನ್ನು ಮಾರುವವರಿಗೂ ತೋರಿಸಿ, ಚೌಕಾಸಿಯನ್ನು ಅಲ್ಲಿಂದ ಶುರುಮಾಡಿ.